ಅರ್ಧದಲ್ಲಿ ನಿಲ್ಲುವ ವಚನ

ಮೋಶೆಯು ವಿಭಾಗಿಸದ ತೋರಾ ವಚನವನ್ನು ನಾವೂ ವಿಭಾಗಿಸಬಾರದೆಂಬುದು ಬಾಬೆಲಿನ ತಾಲ್ಮೂದಿನಲ್ಲಿ ಪದೇಪದೇ ಕಾಣುವ ನಿಯಮ. ಮಕ್ಕಳಿಗೆ ಪಾಠ ಹೇಳುವವನಿಗೂ ಇದರಿಂದ ವಿನಾಯಿತಿ ಬಹು ಕಷ್ಟದಿಂದಲೇ ದೊರೆಯಿತೆಂದು ಮೆಗಿಲ್ಲಾ ಪ್ರಕರಣವು ತಿಳಿಸುತ್ತದೆ.

ಆದರೂ ಯೆಹೂದ್ಯರ ಪಶ್ಚಾತ್ತಾಪದ ಪ್ರಾರ್ಥನೆಗಳ ಹೃದಯದಲ್ಲಿಯೇ ಒಂದು ಅರ್ಧ ವಚನವಿದೆ. ವಿಮೋಚನಕಾಂಡ 34:6-7ರಲ್ಲಿ ಯೆಹೋವನು ಮೋಶೆಗೆ ಪ್ರಕಟಿಸಿದ ಗುಣಗಳನ್ನು ಅವರು ಹದಿಮೂರೆಂದು ಎಣಿಸಿ, ಯೋಮ್ ಕಿಪ್ಪುರ್ ಮೊದಲಾದ ದಿನಗಳಲ್ಲಿ ಪಠಿಸುತ್ತಾರೆ. ಮೂಲದಲ್ಲಿ ‘ವೆನಕ್ಕೇ ಲೋ ಯೆನಕ್ಕೇ’ ಎಂದು ಒಂದೇ ಕ್ರಿಯಾಪದವು ಎರಡಾವರ್ತಿ ಬಂದು, ದೇವರು ಅಪರಾಧವನ್ನು ಶಿಕ್ಷಿಸದೆ ಬಿಡುವುದೇ ಇಲ್ಲವೆಂಬ ಅರ್ಥ ಕೊಡುತ್ತದೆ. ಪ್ರಾರ್ಥನೆಯಾದರೋ ‘ವೆನಕ್ಕೇ’ ಎಂಬಲ್ಲಿಯೇ ನಿಲ್ಲುತ್ತದೆ. ಆಗ ಉಳಿಯುವ ಅರ್ಥ: ಆತನು ನಿರ್ದೋಷಿಯೆಂದು ಬಿಡುವಾತನು. ನಿಷೇಧವು ವಾಗ್ದಾನವಾಗುತ್ತದೆ.

ಇದು ಶಾಸ್ತ್ರವನ್ನು ತಿರುಚುವುದಲ್ಲವೇ? ಯೋಮಾ ಪ್ರಕರಣವು ಎರಡು ಭಾಗಗಳನ್ನೂ ನಿಜವೆಂದು ಹಿಡಿಯುತ್ತದೆ: ಪಶ್ಚಾತ್ತಾಪಪಡುವವರನ್ನು ದೇವರು ಬಿಡುತ್ತಾನೆ, ಪಡದವರನ್ನು ಬಿಡುವುದಿಲ್ಲ. ಹೀಗಾಗಿ ಪಶ್ಚಾತ್ತಾಪದಿಂದ ನಿಂತಿರುವ ಸಭೆಯು ತನಗೆ ಸಲ್ಲುವ ಭಾಗವನ್ನು ಮಾತ್ರ ಉಚ್ಚರಿಸುತ್ತದೆ. ಸತ್ಯವೇದದೊಳಗೂ ಇದಕ್ಕೆ ಹೋಲಿಕೆಯುಂಟು. ಯೋವೇಲ 2:13 ಮತ್ತು ಯೋನ 4:2 ಕರುಣೆಯ ಮಾತುಗಳನ್ನಷ್ಟೇ ಎತ್ತಿಕೊಂಡರೆ, ನಿನೆವೆಯ ಮೇಲಣ ತೀರ್ಪನ್ನು ಸಾರುವ ನಹೂಮ 1:3 ಶಿಕ್ಷೆಯ ಮಾತನ್ನು ಉಳಿಸಿಕೊಳ್ಳುತ್ತದೆ.

ಗಮನಾರ್ಹವಾದ ಸಂಗತಿ ಇನ್ನೊಂದಿದೆ. ಉಪವಾಸದ ದಿನಗಳಲ್ಲಿ ಇದೇ ಅಧ್ಯಾಯವನ್ನು ಸುರುಳಿಯಿಂದ ಓದುವಾಗ, ಅನೇಕ ಸಭಾಮಂದಿರಗಳಲ್ಲಿ ಸಭೆಯು ಹದಿಮೂರು ಗುಣಗಳನ್ನು ಗಟ್ಟಿಯಾಗಿ ಹೇಳಿ ‘ವೆನಕ್ಕೇ’ಯಲ್ಲಿ ನಿಲ್ಲುತ್ತದೆ, ಓದುವವನು ಮುಂದುವರಿದು ವಚನವನ್ನು ಪೂರ್ಣಗೊಳಿಸುತ್ತಾನೆ. ಬೇಡುವ ಸಭೆ ಅರ್ಧವನ್ನು ಹೇಳಬಹುದು. ಆದರೆ ವಾಕ್ಯಪಾರಾಯಣವು ಪೂರ್ಣವನ್ನು ಕೇಳಿಸಲೇಬೇಕು.

ನಮಗೂ ಇಲ್ಲಿ ಪಾಠವುಂಟು. ನಜರೇತಿನ ಸಭಾಮಂದಿರದಲ್ಲಿ ಯೇಸು ಯೆಶಾಯ 61:2ನ್ನು ಓದಿದಾಗ, ಲೂಕನ ಪ್ರಕಾರ, ಮುಯ್ಯಿತೀರಿಸುವ ದಿನದ ಮಾತಿಗೆ ಮುಂಚೆಯೇ ಓದು ನಿಂತಿತು. ಅಷ್ಟರಿಂದ ಆತನು ನ್ಯಾಯತೀರ್ಪನ್ನು ಅಳಿಸಿದನೆಂದು ಹೇಳಲಾಗದು. ಅದೇ ಸುವಾರ್ತೆಯಲ್ಲಿ ಆತನೇ ಅದನ್ನು ಕುರಿತು ಮಾತಾಡುತ್ತಾನೆ. ನಾವಾದರೋ ಆರಾಧನೆಯ ಪಾಠಗಳಿಂದ ಕಠಿಣ ವಚನಗಳನ್ನು ಬಿಟ್ಟು ಮುಂದೆ ಹೋಗುತ್ತೇವೆ. ಬಿಟ್ಟದ್ದು ತಪ್ಪೆನ್ನುವ ಮೊದಲು ಕೇಳಬೇಕಾದ ಪ್ರಶ್ನೆ ಇದು: ಹಾಗೆ ಬಿಟ್ಟ ಮಾತನ್ನು ನಮ್ಮ ಸಭೆಯು ಬೇರೆ ಯಾವ ದಿನ, ಯಾರ ಬಾಯಿಂದ ಕೇಳುತ್ತದೆ?