ಮಗಳ ಊರಿನ ಕಲ್ಲು

ಕಳೆದ ಶನಿವಾರ ಮಗಳ ತರಗತಿಯ ಭೂವಿಜ್ಞಾನ ಪ್ರವಾಸಕ್ಕೆ ನಾನೂ ಹೋಗಿದ್ದೆ. ಗುರುಗ್ರಾಮದ ಅರಾವಳಿ ಜೀವವೈವಿಧ್ಯ ಉದ್ಯಾನ ನಮ್ಮ ಅಪಾರ್ಟ್‌ಮೆಂಟಿನಿಂದ ಇಪ್ಪತ್ತೇ ನಿಮಿಷ. ಏಳು ವರ್ಷದಲ್ಲಿ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಎಂಟೆಕ್ ಓದಿದ ನನಗೆ ಕಲ್ಲೆಂದರೆ ಕಲ್ಲು, ಅಷ್ಟೇ.

ಮನೆಯ ಕೀಲಿಕೈಯಿಂದ ಬಂಡೆ ಗೀರಿ ನೋಡಿ ಎಂದರು ಟೀಚರ್. ಬಂಡೆಗೆ ಏನೂ ಆಗಲಿಲ್ಲ. ಕೀಲಿಕೈಯೇ ಸವೆದು ಅದರ ಮೇಲೆ ಹೊಳೆಯುವ ಗೆರೆ ಬಿಟ್ಟಿತು. ಇದು ಕ್ವಾರ್ಟ್ಜೈಟ್. ನೂರು ಕೋಟಿ ವರ್ಷಕ್ಕೂ ಹಿಂದಿನ ಮರಳು, ನೆಲದಾಳದ ಶಾಖಕ್ಕೆ, ಒತ್ತಡಕ್ಕೆ ಕಣಕಣ ಬೆಸೆದು ಹೀಗಾಗಿದೆ. ಇಂಥದ್ದನ್ನೂ ಒಡೆದು ಜಲ್ಲಿ ಮಾಡಿದವರು ನಾವು. ಈ ಉದ್ಯಾನವೇ ಹಿಂದೆ ಕಲ್ಲುಗಣಿ. 2002ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ತಡೆಯಿತು. 2010ರಿಂದೀಚೆಗೆ ನಾಗರಿಕರು ಇಲ್ಲಿ ಅರಾವಳಿಯದೇ ಗಿಡಮರ ಬೆಳೆಸಿದ್ದಾರೆ.

"ನಮ್ಮ ಬಿಲ್ಡಿಂಗಿನ ಜಲ್ಲಿ ಎಲ್ಲಿಂದ ಬಂತಪ್ಪಾ?" ಎಂದಳು ಮಗಳು. ಗೊತ್ತಿರಲಿಲ್ಲ. ಹದಿನಾಲ್ಕನೇ ಮಹಡಿಯ ಮನೆಗೆ ಇಎಂಐ ಕಟ್ಟುತ್ತಿರುವ ನಾನೇ ಕೇಳಬೇಕಿದ್ದ ಪ್ರಶ್ನೆ.

ಮಾತು ಬದಲಿಸಲು, ನಮ್ಮ ಲಾಲ್‌ಬಾಗ್ ಬಂಡೆಗೆ 300 ಕೋಟಿ ವರ್ಷ, ಇದಕ್ಕಿಂತ ಎಷ್ಟೋ ಹಿರಿಯದು ಎಂದು ಜಂಬ ಕೊಚ್ಚಿದೆ.

"ಅದು ನಿಮ್ಮೂರಿಂದು. ನಮ್ಮೂರಿಂದು ಇದು," ಎನ್ನುತ್ತ ಜೇಬಿನಿಂದ ಚೂರೊಂದನ್ನು ತೆಗೆದಳು.

ಕಲ್ಲು ತರಬಾರದೆಂದು ಟೀಚರ್ ಮೊದಲೇ ಹೇಳಿದ್ದರು. ಈ ಭಾನುವಾರ ಇಬ್ಬರೂ ಹೋಗಿ ವಾಪಸ್ ಇಟ್ಟು ಬರಬೇಕು.