ಇಗರ್ಜಿ ಇರುವುದು ಯಾತಕ್ಕಾಗಿ?

ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಇದು ಮಹೋತ್ಸವಗಳ ಕಾಲ. ಒಂದು ಕಡೆ ಶತಮಾನೋತ್ಸವ, ಇನ್ನೊಂದು ಕಡೆ ಸುವರ್ಣ ಮಹೋತ್ಸವ, ಮತ್ತೊಂದು ಕಡೆ ಹಳೆಯ ಇಗರ್ಜಿಯನ್ನು ಕೆಡವಿ ಹೊಸದನ್ನು ಕಟ್ಟುವ ಸಿದ್ಧತೆ. ಪ್ರತಿ ಮಹೋತ್ಸವಕ್ಕೂ ಒಂದು ಸ್ಮರಣ ಸಂಚಿಕೆ ನಮ್ಮ ಮೇಜಿಗೆ ಬರುತ್ತದೆ. ತೆರೆದು ನೋಡಿದರೆ ಮೊದಲು ಗಣ್ಯರ ಸಂದೇಶಗಳು, ಬಳಿಕ ಧರ್ಮಕೇಂದ್ರದ ಇತಿಹಾಸ. ಯಾವ ವಿಗಾರರ ಕಾಲದಲ್ಲಿ ಗೋಪುರ ಎದ್ದಿತು, ಯಾರ ಕಾಲದಲ್ಲಿ ಛಾವಣಿ ಬದಲಾಯಿತು, ಗಂಟೆಯನ್ನು ಯಾರು ದಾನ ಕೊಟ್ಟರು, ಸಭಾಭವನಕ್ಕೆ ಎಷ್ಟು ಖರ್ಚಾಯಿತು ಎಂಬುದೇ ಆ ಇತಿಹಾಸದ ಹೆಚ್ಚಿನ ಪಾಲು. ಇದನ್ನು ನಾವು ಗೇಲಿ ಮಾಡುತ್ತಿಲ್ಲ. ಬಡ ಒಕ್ಕಲುಗಳಾಗಿದ್ದ ನಮ್ಮ ಹಿರಿಯರು ಅಕ್ಕಿ, ತೆಂಗಿನಕಾಯಿ ಕೊಟ್ಟು, ತಲೆಯ ಮೇಲೆ ಕೆಂಪುಕಲ್ಲು ಹೊತ್ತು ಕಟ್ಟಿದ ಇಗರ್ಜಿಗಳಿವು. ಆದರೆ ನೂರು ವರ್ಷಗಳ ಇತಿಹಾಸವನ್ನು ಓದಿ ಮುಗಿಸಿದ ಮೇಲೂ, ಈ ಇಗರ್ಜಿ ಇದ್ದುದರಿಂದ ಆ ಊರಿನಲ್ಲಿ ಯಾರ ಬದುಕು ಹೇಗೆ ಬದಲಾಯಿತು ಎಂಬ ಪ್ರಶ್ನೆಗೆ ಉತ್ತರ ಸಿಗದೆ ಹೋದರೆ, ಕೊರತೆ ಬರೆದವರದ್ದು ಮಾತ್ರವಲ್ಲ. ಇಗರ್ಜಿ ಎಂದರೆ ಏನೆಂದು ನಾವೆಲ್ಲರೂ ತಿಳಿದಿರುವ ರೀತಿಯಲ್ಲಿಯೇ ಏನೋ ತಪ್ಪಿದೆ.

ಪದದಿಂದಲೇ ಆರಂಭಿಸೋಣ. ನಾವು ಕೊಂಕಣಿಯಲ್ಲಿ ಹೇಳುವ 'ಇಗರ್ಜಿ' ಪೋರ್ಚುಗೀಸರ 'ಇಗ್ರೇಜಾ' ಎಂಬ ಪದದಿಂದ ಬಂದದ್ದು. ಅದರ ಮೂಲ ಗ್ರೀಕ್ ಭಾಷೆಯ 'ಎಕ್ಲೇಸಿಯ'. ಗ್ರೀಕ್ ನಗರಗಳಲ್ಲಿ ನಾಗರಿಕರನ್ನು ಕರೆದು ಸೇರಿಸಿದ ಸಭೆಗೆ ಈ ಹೆಸರಿತ್ತು. ಸಂತ ಪೌಲರು ತಮ್ಮ ಪತ್ರಗಳಲ್ಲಿ ಈ ಪದವನ್ನು ಬಳಸುವಾಗ ಅವರ ಕಣ್ಣ ಮುಂದೆ ಒಂದೇ ಒಂದು ಕಟ್ಟಡವೂ ಇರಲಿಲ್ಲ, ಜನರು ಮಾತ್ರ ಇದ್ದರು. ರೋಮಿನವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಪ್ರಿಸ್ಕ ಮತ್ತು ಅಕ್ವಿಲ ದಂಪತಿಯ ಮನೆಯಲ್ಲಿ ಸೇರುವ ಸಭೆಗೆ ಅವರು ವಂದನೆ ಕಳುಹಿಸುತ್ತಾರೆ. ಕನ್ನಡದ 'ಧರ್ಮಸಭೆ' ಎಂಬ ಪದ ಈ ಅರ್ಥವನ್ನು ಚೆನ್ನಾಗಿಯೇ ಉಳಿಸಿಕೊಂಡಿದೆ. ಬಾಯಿಮಾತಿನಲ್ಲಿ ಮಾತ್ರ ನಾವು ಇಗರ್ಜಿಗೆ 'ಹೋಗುತ್ತೇವೆ', ಇಗರ್ಜಿಯಿಂದ 'ಬರುತ್ತೇವೆ'. ನಾವೇ ಇಗರ್ಜಿ ಎಂಬುದು ಉಪದೇಶದಲ್ಲಿ ಕೇಳಿಸುವ ಮಾತಾಗಿ ಉಳಿದುಬಿಟ್ಟಿದೆ.

ಮೊದಲ ಮೂರು ಶತಮಾನಗಳ ಕ್ರೈಸ್ತರು ಹೆಚ್ಚಾಗಿ ಮನೆಗಳಲ್ಲಿಯೇ ಸೇರುತ್ತಿದ್ದರು. ಸಿರಿಯ ದೇಶದ ದುರಾ ಯುರೋಪೋಸ್ ಎಂಬಲ್ಲಿ 1930ರ ದಶಕದ ಉತ್ಖನನದಲ್ಲಿ ಅಂಥ ಒಂದು ಮನೆ ಸಿಕ್ಕಿತು. ಮೂರನೆಯ ಶತಮಾನದ ಮಧ್ಯಭಾಗದ್ದು. ಎರಡು ಕೋಣೆಗಳ ನಡುವಿನ ಗೋಡೆ ತೆಗೆದು ಸಭೆ ಸೇರಲು ಜಾಗ ಮಾಡಿದ್ದಾರೆ, ಇನ್ನೊಂದು ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ. ಹೊರಗಿನಿಂದ ನೋಡಿದರೆ ಬೀದಿಯ ಉಳಿದ ಮನೆಗಳಂತೆಯೇ.

ಹಾಗಾದರೆ ಅಲ್ಲಿ ಸೇರಿ ಏನು ಮಾಡುತ್ತಿದ್ದರು? ಸುಮಾರು 155ರಲ್ಲಿ ರೋಮಿನಲ್ಲಿದ್ದ ಸಂತ ಜಸ್ಟಿನ್ ಚಕ್ರವರ್ತಿಗೆ ಕ್ರೈಸ್ತರ ಪರವಾಗಿ ಒಂದು ಸಮರ್ಥನೆಯನ್ನು ಬರೆದರು. ಅದರಲ್ಲಿ ಭಾನುವಾರದ ಪೂಜೆಯ ವಿವರವಿದೆ. ವಾಚನಗಳು, ಅಧ್ಯಕ್ಷತೆ ವಹಿಸಿದವರ ಪ್ರಬೋಧನೆ, ಎಲ್ಲರೂ ಎದ್ದು ನಿಂತು ಮಾಡುವ ಪ್ರಾರ್ಥನೆ, ರೊಟ್ಟಿ ಮತ್ತು ದ್ರಾಕ್ಷಾರಸದ ಮೇಲೆ ಸ್ತೋತ್ರ, ಹಂಚಿಕೆ. ಇಂದಿನ ಬಲಿಪೂಜೆಯ ಕ್ರಮವೇ ಅಲ್ಲಿದೆ ಎಂದರೆ ತಪ್ಪಾಗದು. ಆದರೆ ಜಸ್ಟಿನ್ ಅಲ್ಲಿಗೆ ನಿಲ್ಲಿಸುವುದಿಲ್ಲ. ಬಾರದೆ ಇದ್ದವರಿಗೆ ಸೇವಾದರ್ಶಿಗಳು ಪರಮಪ್ರಸಾದವನ್ನು ಕೊಂಡೊಯ್ಯುತ್ತಿದ್ದರು. ಉಳ್ಳವರು ತಮಗೆ ತೋಚಿದಷ್ಟು ಕೊಡುತ್ತಿದ್ದರು, ಆ ಹಣ ಅಧ್ಯಕ್ಷರ ಕೈ ಸೇರುತ್ತಿತ್ತು, ಅವರು ಅದರಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿದ್ದವರು ಮತ್ತು ಪರಸ್ಥಳದಿಂದ ಬಂದವರನ್ನು ನೋಡಿಕೊಳ್ಳುತ್ತಿದ್ದರು. ಇದೆಲ್ಲವೂ ಒಂದೇ ವಿವರಣೆಯ ಭಾಗ. ಪೂಜೆ ಒಂದು ಅಧ್ಯಾಯ, ಸಮಾಜಸೇವೆ ಇನ್ನೊಂದು ಅಧ್ಯಾಯ ಎಂದು ಅವರು ಬರೆಯಲಿಲ್ಲ. ಇಂದು ನಮ್ಮಲ್ಲಿ ಪೂಜೆಗೆ ಲಿಟರ್ಜಿ ಸಮಿತಿ, ಬಡವರಿಗೆ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ, ಹಣಕ್ಕೆ ಹಣಕಾಸು ಸಮಿತಿ. ಒಂದು ಸಮಿತಿಯವರು ಇನ್ನೊಂದರ ಕೋಣೆಗೆ ಇಣುಕಿಯೂ ನೋಡುವುದಿಲ್ಲ!

ಕಟ್ಟಡವೇ ಇಲ್ಲದೆ ಧರ್ಮಸಭೆ ಉಳಿಯಬಲ್ಲದೇ ಎಂದು ಕೇಳುವವರು ದೂರದ ಸಿರಿಯಕ್ಕೆ ಹೋಗಬೇಕಾಗಿಲ್ಲ. 1784ರಲ್ಲಿ ನಮ್ಮ ಪೂರ್ವಜರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಇಲ್ಲಿನ ಇಗರ್ಜಿಗಳು ನೆಲಸಮವಾದವು. 1680ರಲ್ಲಿ ಕಟ್ಟಿದ್ದ ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯೂ ಅವುಗಳಲ್ಲಿ ಒಂದು. 1799ರವರೆಗೆ, ಅಂದರೆ 15 ವರ್ಷ, ಅವರಿಗೆ ಗೋಪುರವಿಲ್ಲ, ಗಂಟೆಯಿಲ್ಲ, ಸಂಸ್ಕಾರಗಳು ದುರ್ಲಭ. ಆದರೂ ಬದುಕಿ ಉಳಿದು ಹಿಂದಿರುಗಿದವರು ವಿಶ್ವಾಸಿಗಳಾಗಿಯೇ ಹಿಂದಿರುಗಿದರು, ಬಂದು ಮತ್ತೆ ಇಗರ್ಜಿಗಳನ್ನು ಕಟ್ಟಿದರು. ಈ ಕ್ರಮವನ್ನು ನಾವು ಗಮನಿಸಬೇಕು. ಮೊದಲು ಸಭೆ ಉಳಿಯಿತು, ಅನಂತರ ಕಟ್ಟಡ ಎದ್ದಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣದಿಂದ ಇಗರ್ಜಿಗಳ ಬಾಗಿಲು ಮುಚ್ಚಿದಾಗ ನಮ್ಮ ಕಾಲದವರಿಗೂ ಅದರ ಒಂದು ಸಣ್ಣ ರುಚಿ ಸಿಕ್ಕಿತು. ಮೊಬೈಲಿನಲ್ಲಿ ಪೂಜೆ ನೋಡಿದವರು ಅನೇಕರು. ಅಕ್ಕಿಯ ಕಟ್ಟು ಹಿಡಿದು ಮನೆ ಮನೆಗೆ ಹೋದ ಯುವಕರೂ ಇದ್ದರು. ಬಾಗಿಲು ಮುಚ್ಚಿದ್ದರೂ ಇಗರ್ಜಿ ತೆರೆದಿತ್ತು ಎಂದು ಆ ಯುವಕರ ಬಗ್ಗೆ ಹೇಳಬಹುದು.

ಎರಡನೆಯ ವ್ಯಾಟಿಕನ್ ಮಹಾಸಭೆ 1964ರ ನವೆಂಬರ್ 21ರಂದು ಪ್ರಕಟಿಸಿದ 'ಲುಮೆನ್ ಜೆಂಟಿಯುಮ್' ಸಂವಿಧಾನದಲ್ಲಿ ಈ ಪ್ರಶ್ನೆಗೆ ನೇರ ಉತ್ತರವಿದೆ. ದೇವರೊಂದಿಗೆ ಮನುಷ್ಯರ ಐಕ್ಯ ಮತ್ತು ಇಡೀ ಮಾನವಕುಲದ ಐಕ್ಯ, ಈ ಎರಡಕ್ಕೂ ಧರ್ಮಸಭೆಯು ಗುರುತು ಮತ್ತು ಸಾಧನ ಎಂದು ಅದರ ಆರಂಭದಲ್ಲಿಯೇ ಹೇಳಲಾಗಿದೆ. ಸಾಧನ ಎಂಬ ಪದವನ್ನು ಗಮನಿಸಿ. ಸಾಧನ ತನಗಾಗಿ ಇರುವುದಿಲ್ಲ. ನೇಗಿಲು ಇರುವುದು ಹೊಲಕ್ಕಾಗಿ, ಗೋಡೆಗೆ ತೂಗುಹಾಕಲು ಅಲ್ಲ. ಆ ಸಂವಿಧಾನದ ಅಧ್ಯಾಯಗಳ ಕ್ರಮವೂ ಅರ್ಥಪೂರ್ಣ. ದೇವಪ್ರಜೆಯ ಅಧ್ಯಾಯ ಎರಡನೆಯದು, ಧರ್ಮಾಧ್ಯಕ್ಷರು ಮತ್ತು ಗುರುಗಳ ಕುರಿತಾದದ್ದು ಮೂರನೆಯದು. ಕರಡಿನಲ್ಲಿ ಮೊದಲು ಹಾಗಿರಲಿಲ್ಲ, ಚರ್ಚೆಯ ಬಳಿಕ ಬದಲಾಯಿಸಿದರು. ಗುರುಗಳಾದ ನಮ್ಮಂಥವರು ಇದನ್ನು ಆಗಾಗ ನೆನಪಿಸಿಕೊಳ್ಳುವುದು ಒಳ್ಳೆಯದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದ ಆಕ್ಷೇಪವೇ. ಹಾಗಾದರೆ ಇಗರ್ಜಿ ಒಂದು ಸೇವಾಸಂಸ್ಥೆಯೇ? ಆಸ್ಪತ್ರೆ, ಶಾಲೆ, ಕಿಟ್ ವಿತರಣೆ ಇದ್ದರೆ ಸಾಕೇ? ಖಂಡಿತ ಅಲ್ಲ. ಜಗದ್ಗುರು ಫ್ರಾನ್ಸಿಸರು ಆಯ್ಕೆಯಾದ ಮರುದಿನ, 2013ರ ಮಾರ್ಚ್ 14ರಂದು, ತಮ್ಮ ಮೊದಲ ಪೂಜೆಯ ಪ್ರಬೋಧನೆಯಲ್ಲಿಯೇ ಇದನ್ನು ಎಚ್ಚರಿಸಿದರು. ಕ್ರಿಸ್ತರನ್ನು ಸಾರದೆ ಹೋದರೆ ನಾವು ಕರುಣೆಯುಳ್ಳ ಒಂದು ಸರಕಾರೇತರ ಸಂಸ್ಥೆಯಾಗುತ್ತೇವೆ, ಧರ್ಮಸಭೆಯಾಗುವುದಿಲ್ಲ ಎಂಬುದು ಅವರ ಮಾತಿನ ಸಾರ. ಜಗದ್ಗುರು 16ನೇ ಬೆನೆಡಿಕ್ಟರು ತಮ್ಮ 2005ರ ವಿಶ್ವಪತ್ರದಲ್ಲಿ ವಾಕ್ಯದ ಸಾರುವಿಕೆ, ಸಂಸ್ಕಾರಗಳ ಆಚರಣೆ, ಪ್ರೀತಿಯ ಸೇವೆ ಈ ಮೂರೂ ಒಂದನ್ನೊಂದು ಬಿಟ್ಟು ಇರಲಾರವು ಎಂದು ವಿವರಿಸಿದ್ದಾರೆ. ಬಡವರ ಸೇವೆಯನ್ನು ಬೇರೆಯವರಿಗೆ ಬಿಟ್ಟುಕೊಡಬಹುದಾದ ಹೆಚ್ಚುವರಿ ಕೆಲಸ ಎಂದು ಧರ್ಮಸಭೆ ತಿಳಿಯುವಂತಿಲ್ಲ, ಅದು ಅದರ ಸ್ವಭಾವಕ್ಕೇ ಸೇರಿದ್ದು. ಬಲಿಪೂಜೆಯೇ ನಮ್ಮ ಮೂಲ ಮತ್ತು ಶಿಖರ. ಆದರೆ ಆ ಪೂಜೆಯ ಹೆಸರೇ ನಮ್ಮನ್ನು ಹೊರಗೆ ದೂಡುತ್ತದೆ. ಕೊಂಕಣಿಯ 'ಮೀಸ್' ಲತೀನ್ ಭಾಷೆಯ 'ಮಿಸ್ಸಾ'ದಿಂದ ಬಂದದ್ದು, ಪೂಜೆಯ ಕೊನೆಯಲ್ಲಿ ಜನರನ್ನು ಕಳುಹಿಸಿಕೊಡುವ ಮಾತಿನಿಂದ. ಆ ಮಾತು ಬರುವ ಮೊದಲೇ ಬೈಕ್ ಸ್ಟಾರ್ಟ್ ಆಗುವ ಸದ್ದು ನಮಗೆ ಬಲಿಪೀಠದವರೆಗೂ ಕೇಳುತ್ತದೆ, ಅದು ಬೇರೆ ವಿಷಯ.

ಕಟ್ಟಡ ಬೇಡ ಎಂದೂ ನಾವು ಹೇಳುತ್ತಿಲ್ಲ. ದೇವರ ಆಲಯ ಅಂದವಾಗಿಯೇ ಇರಬೇಕು. ನಾಲ್ಕನೆಯ ಶತಮಾನದ ಕೊನೆಯಲ್ಲಿ ಅಂತಿಯೋಕ್ಯದಲ್ಲಿ ಪ್ರಬೋಧಿಸುತ್ತಿದ್ದ ಸಂತ ಜಾನ್ ಕ್ರಿಸೋಸ್ತಮರು ಇಗರ್ಜಿಗೆ ಕಾಣಿಕೆ ಕೊಡುವುದನ್ನು ತಡೆಯಲಿಲ್ಲ. ಕ್ರಿಸ್ತರ ಮೇಜಿನ ಮೇಲೆ ಚಿನ್ನದ ಪಾತ್ರೆ ಇಟ್ಟು, ಅದೇ ಕ್ರಿಸ್ತರು ಹೊರಗೆ ಹಸಿವಿನಿಂದ ಸಾಯುವಂತೆ ಬಿಟ್ಟರೆ ಏನು ಪ್ರಯೋಜನ ಎಂದು ಮಾತ್ರ ಕೇಳಿದರು. ಮೊದಲು ಹಸಿದವನಿಗೆ ಉಣಿಸು, ಉಳಿದದ್ದರಿಂದ ಮೇಜನ್ನು ಅಲಂಕರಿಸು ಎಂಬುದು ಅವರ ಸಲಹೆ. ಮಿಲಾನಿನ ಸಂತ ಅಂಬ್ರೋಸರಂತೂ ಯುದ್ಧಕೈದಿಗಳನ್ನು ಬಿಡಿಸಲು ಪೂಜೆಯ ಪಾತ್ರೆಗಳನ್ನೇ ಕರಗಿಸಿದರು. ಅದಕ್ಕಾಗಿ ಟೀಕೆಗೂ ಗುರಿಯಾದರು.

ನಮ್ಮ ಪಾಲನಾ ಮಂಡಳಿಗಳ ಸದಸ್ಯರು ಒಮ್ಮೆಯಾದರೂ ಓದಬೇಕಾದ ಕೆಲವು ಸಾಲುಗಳು 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿವೆ. 515ನೇ ಕಾನೂನು ಧರ್ಮಕೇಂದ್ರವನ್ನು ವಿಶ್ವಾಸಿಗಳ ಒಂದು ಸಮುದಾಯ ಎಂದೇ ವಿವರಿಸುತ್ತದೆ. 1254ನೇ ಕಾನೂನು ಧರ್ಮಸಭೆಯ ಆಸ್ತಿಪಾಸ್ತಿ ಯಾತಕ್ಕೆ ಎಂಬುದನ್ನು ತಿಳಿಸುತ್ತದೆ: ದೈವಾರಾಧನೆ ನಡೆಸಲು, ಗುರುಗಳ ಮತ್ತು ಸೇವಕರ ಯೋಗ್ಯ ಜೀವನಕ್ಕೆ, ಪ್ರೇಷಿತಕಾರ್ಯ ಮತ್ತು ದಾನಧರ್ಮಕ್ಕೆ, ವಿಶೇಷವಾಗಿ ಕಷ್ಟದಲ್ಲಿರುವವರಿಗಾಗಿ. ನಿಮ್ಮ ಧರ್ಮಕೇಂದ್ರದ ಕಳೆದ ವರ್ಷದ ಲೆಕ್ಕಪತ್ರವನ್ನು ತೆಗೆದು, ಕೊನೆಯ ಬಾಬ್ತಿಗೆ ಎಷ್ಟು ಹೋಗಿದೆ ಎಂದು ನೋಡಿರಿ. ಹಬ್ಬದ ದೀಪಾಲಂಕಾರದ ಬಾಬ್ತಿನೊಂದಿಗೆ ಹೋಲಿಸಿಯೂ ನೋಡಬಹುದು. ಇನ್ನು ಬಡತನದ ಕಾರಣದಿಂದ ಯಾರೂ ಸಂಸ್ಕಾರಗಳಿಂದ ವಂಚಿತರಾಗದಂತೆ ನೋಡಿಕೊಳ್ಳಬೇಕು ಎನ್ನುತ್ತದೆ 848ನೇ ಕಾನೂನು. ವಂತಿಗೆ ಬಾಕಿ ಇರುವವರು ಮಗುವಿನ ದೀಕ್ಷಾಸ್ನಾನಕ್ಕೆ ಕಚೇರಿಗೆ ಬರಲು ಸಂಕೋಚಪಡುತ್ತಾರೆ ಎಂದಾದರೆ, ತಪ್ಪು ಅವರದ್ದಲ್ಲ.

ನಮ್ಮನ್ನು ಹೆಚ್ಚು ಕಾಡುವುದು 529ನೇ ಕಾನೂನು. ವಿಗಾರರು ತಮಗೆ ಒಪ್ಪಿಸಿದ ಜನರನ್ನು ಅರಿತಿರಬೇಕು, ಮನೆಗಳಿಗೆ ಭೇಟಿ ಕೊಡಬೇಕು, ಬಡವರು, ನೊಂದವರು, ಒಂಟಿಯಾಗಿರುವವರು ಮತ್ತು ತಾಯ್ನಾಡಿನಿಂದ ದೂರವಾದವರನ್ನು ವಿಶೇಷ ಕಾಳಜಿಯಿಂದ ಹುಡುಕಿ ಹೋಗಬೇಕು ಎಂದು ಅದು ಹೇಳುತ್ತದೆ. 'ಹುಡುಕಿ ಹೋಗಬೇಕು' ಎಂದರೆ, ಅವರು ತಾವಾಗಿ ಬರುವುದಿಲ್ಲ ಎಂದು ಕಾನೂನಿಗೂ ಗೊತ್ತು. ಇಂದು ನಮ್ಮ ಊರುಗಳಲ್ಲಿ ಜಾರ್ಖಂಡ್, ಒಡಿಶಾ ಕಡೆಯಿಂದ ಕೆಲಸಕ್ಕೆ ಬಂದ ಯುವಕ ಯುವತಿಯರಲ್ಲಿ ಕಥೋಲಿಕರೂ ಇದ್ದಾರೆ. ಭಾನುವಾರ ಕೊನೆಯ ಬೆಂಚಿನಲ್ಲಿ ಅಥವಾ ಬಾಗಿಲ ಹೊರಗೆ ನಿಂತಿರುತ್ತಾರೆ. ಪೂಜೆ ಕೊಂಕಣಿಯಲ್ಲಿ, ಅವರಿಗೆ ಒಂದು ಪದವೂ ಅರ್ಥವಾಗದು. ಅವರ ಹೆಸರು ಯಾವ ವಾಡೊದ ಪಟ್ಟಿಯಲ್ಲೂ ಇಲ್ಲ. ಗಲ್ಫ್ ದೇಶಗಳಲ್ಲಿ, ಮುಂಬಯಿಯಲ್ಲಿ ನಮ್ಮವರಿಗೆ ಕೊಂಕಣಿ ಪೂಜೆ ಸಿಕ್ಕಾಗ ನಾವು ಎಷ್ಟು ಹಿಗ್ಗುತ್ತೇವೆ! ತಿಂಗಳಿಗೊಮ್ಮೆ ಒಂದು ಹಿಂದಿ ಪೂಜೆ, ಪೂಜೆಯ ಬಳಿಕ ಒಂದು ಲೋಟ ಚಹಾ, ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಾಗಿಲ್ಲ.

ಒಂಟಿಯಾಗಿರುವವರ ಬಗ್ಗೆ ನಮ್ಮದೇ ತಪ್ಪೊಂದನ್ನು ಹೇಳದೆ ಈ ಲೇಖನ ಪ್ರಾಮಾಣಿಕವಾಗದು. ಕೆಲವು ವರ್ಷಗಳ ಹಿಂದೆ ನಾವು ವಿಗಾರರಾಗಿದ್ದ ಧರ್ಮಕೇಂದ್ರದಲ್ಲಿ ಇಗರ್ಜಿಯ ನೆಲ ಬದಲಾಯಿಸುವ ವಿಚಾರ ಬಂತು. ಗ್ರಾನೈಟ್ ಹಾಕುವುದೋ ಟೈಲ್ಸ್ ಹಾಕುವುದೋ ಎಂದು ಪಾಲನಾ ಮಂಡಳಿಯ ಮೂರು ಸಭೆಗಳು ನಡೆದವು, ಒಂದು ರಾತ್ರಿ ಹತ್ತೂವರೆಯವರೆಗೆ. ಮೂರನೆಯ ಸಭೆಯ ಮರುದಿನ ಬೆಳಿಗ್ಗೆ ಹಾಲು ಹಾಕುವ ಹುಡುಗ ಬಂದು ಸುದ್ದಿ ಕೊಟ್ಟ. ಮಕ್ಕಳೆಲ್ಲ ವಿದೇಶದಲ್ಲಿದ್ದ ಒಬ್ಬ ವೃದ್ಧೆ ಮನೆಯೊಳಗೆ ತೀರಿಕೊಂಡಿದ್ದರು, ಎರಡು ದಿನಗಳಾಗಿದ್ದವು. ಇಗರ್ಜಿಯಿಂದ ಅವರ ಮನೆಗೆ ಒಂದು ಕಿಲೋಮೀಟರ್ ಕೂಡ ಇಲ್ಲ. ಕಚೇರಿಗೆ ಬಂದು ಕುಟುಂಬದ ಪುಸ್ತಕ ತೆರೆದೆವು. ಆ ವರ್ಷದ ವಂತಿಗೆ ಪೂರ್ತಿ ಸಂದಾಯವಾಗಿತ್ತು. ನೆಲದ ಕೆಲಸಕ್ಕೆ ಮಕ್ಕಳ ಕಡೆಯಿಂದ ದೇಣಿಗೆಯ ಭರವಸೆಯೂ ಬಂದಿತ್ತು. ನಾವು ಕೊನೆಯ ಬಾರಿ ಅವರಿಗೆ ಪರಮಪ್ರಸಾದ ಕೊಂಡೊಯ್ದು ನಾಲ್ಕು ತಿಂಗಳಾಗಿತ್ತು.

ನೆಲದ ಕೆಲಸ ನಡೆಯಿತು, ಚೆನ್ನಾಗಿಯೇ ಆಯಿತು. ಆದರೆ ಅದಕ್ಕೆ ಮೊದಲು ಎಲ್ಲ ಗುರ್ಕಾರರನ್ನು ಕರೆದು, ತಮ್ಮ ತಮ್ಮ ವಾಡೊಗಳಲ್ಲಿ ಒಂಟಿಯಾಗಿ ಬದುಕುತ್ತಿರುವವರ ಹೆಸರು ಬರೆದು ತರಲು ಹೇಳಿದೆವು. ಕ್ರೈಸ್ತರು ಮಾತ್ರವೇ ಎಂದು ಒಬ್ಬರು ಕೇಳಿದರು, ಎಲ್ಲರೂ ಎಂದೆವು. ಮುಂದಿನ ಭಾನುವಾರ ಪಟ್ಟಿ ಬಂತು. 17 ಹೆಸರುಗಳಿದ್ದವು. ಅವುಗಳಲ್ಲಿ 6 ಮನೆಗಳಿಗೆ ನಾವು ಒಮ್ಮೆಯೂ ಹೋಗಿರಲಿಲ್ಲ.