ಕೆರೆಯೇರಿಯ ಮೇಲೆ ಶರತ್ಕಾಲ

ನಾನು ಓದಿದ ಶಾಲೆಯ ಗೋಡೆಯ ಮೇಲೆ ಋತುಗಳ ಚಿತ್ರಪಟವೊಂದು ತೂಗುತ್ತಿತ್ತು. ಅದರಲ್ಲಿ ಶರದೃತುವೆಂದು ಬರೆದಿದ್ದ ಚೌಕದಲ್ಲಿ ಕೆಂಪು, ಕಿತ್ತಳೆ ಬಣ್ಣದ ಎಲೆಗಳನ್ನು ಉದುರಿಸುತ್ತಿರುವ ಒಂದು ಮರವಿತ್ತು. ಅದರ ಕೆಳಗೆ ಉಣ್ಣೆಯ ಅಂಗಿ ತೊಟ್ಟ ಬಾಲಕನೊಬ್ಬ ನಿಂತಿದ್ದ. ಆ ಚಿತ್ರವನ್ನು ನಂಬಿ, ನಮ್ಮ ಸೀಮೆಯಲ್ಲಿ ಶರದೃತುವೇ ಇಲ್ಲವೆಂದು ನಾನು ಬಹುಕಾಲ ತಿಳಿದಿದ್ದೆ. ಆಶ್ವಯುಜ ಬಂದು ಹೋಗುತ್ತಿತ್ತು, ಕಾರ್ತಿಕವೂ ಕಳೆಯುತ್ತಿತ್ತು. ನಮ್ಮೂರಿನ ಹೊಂಗೆಯಾಗಲಿ ಆಲವಾಗಲಿ ಒಂದೇ ಒಂದು ಎಲೆಯನ್ನೂ ಹಾಗೆ ಕೆಂಪಾಗಿಸುತ್ತಿರಲಿಲ್ಲ.

ಆ ಚಿತ್ರ ಸುಳ್ಳಲ್ಲ. ಅದು ಶೀತದೇಶಗಳಿಗೆ ಸಂಬಂಧಿಸಿದ್ದು. ಅಲ್ಲಿ ಚಳಿಗಾಲದಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟಿ ಬೇರುಗಳಿಗೆ ಎಟುಕದಂತಾಗುತ್ತದೆ. ಆದುದರಿಂದ ಹಗಲು ಕುಗ್ಗುತ್ತ ಬಂದಂತೆ ಮರಗಳು ಎಲೆಯಲ್ಲಿರುವ ಹಸಿರನ್ನು ಒಡೆದು ಅದರ ಸಾರವನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಹಸಿರು ಸರಿದ ಮೇಲೆ ಅದರ ಮರೆಯಲ್ಲಿದ್ದ ಹಳದಿ ಕಾಣಿಸಿಕೊಳ್ಳುತ್ತದೆ. ಕೆಲವು ಮರಗಳಲ್ಲಿ ಕೆಂಪು ಬಣ್ಣ ಹೊಸದಾಗಿ ಹುಟ್ಟುತ್ತದೆ. ನಮ್ಮ ನಾಡಿನ ಮರಗಳೂ ಎಲೆ ಉದುರಿಸುವುದುಂಟು. ಆದರೆ ಅವು ಅಂಜುವುದು ಹಿಮಕ್ಕಲ್ಲ, ನೀರಿನ ಅಭಾವಕ್ಕೆ. ಮಳೆ ನಿಂತು ನೆಲ ಒಣಗಿದ ಮೇಲೆ, ಪುಷ್ಯ, ಮಾಘ, ಫಾಲ್ಗುಣಗಳಲ್ಲಿ ಆ ಕೆಲಸ ನಡೆಯುತ್ತದೆ. ಆಶ್ವಯುಜದಲ್ಲಾದರೋ ನೆಲದಲ್ಲಿ ನೀರು ತುಂಬಿದೆ, ಆಕಾಶದಲ್ಲಿ ಬಿಸಿಲು ಮರಳಿದೆ. ಇವೆರಡೂ ಒಟ್ಟಿಗೆ ದೊರೆಯುವ ಕಾಲದಲ್ಲಿ ಎಲೆಗಳನ್ನು ಕಳೆದುಕೊಳ್ಳುವಷ್ಟು ದಡ್ಡತನ ನಮ್ಮ ಮರಗಳಿಗಿಲ್ಲ. ನಮ್ಮ ಶರತ್ಕಾಲವೆಂದರೆ ನೆಲ ತುಂಬಿ ನಿಲ್ಲುವ ಕಾಲ.

ಇದನ್ನು ನನಗೆ ತಿಳಿಸಿಕೊಟ್ಟವರು ನಮ್ಮ ತಾತ. ನಮ್ಮದು ಬಯಲುಸೀಮೆಯ ರಾಗಿನಾಡು. ಊರಿನ ಕೊನೆಯ ಮನೆಯಿಂದ ಹೊರಟು ಹೊಲಗಳ ನಡುವೆ ಸಾಗಿ, ಕೆರೆಯ ಏರಿಯನ್ನು ಹತ್ತಿ, ಕೋಡಿಯವರೆಗೆ ಹೋಗಿ ಬರುವುದು ಅವರ ನಿತ್ಯದ ನಡಿಗೆ. ದಾರಿ ಒಂದು ಮೈಲಿಗಿಂತ ಹೆಚ್ಚಿಲ್ಲ. ಆದರೂ ಅವರಿಗೆ ಅದು ಸಾಕಾಗುತ್ತಿತ್ತು. ಮನೆಗೆ ಬಂದ ಮೇಲೆ ಪಂಚಾಂಗವನ್ನು ತೆಗೆದು, ಆ ದಿನದ ತಿಥಿಯ ಪಕ್ಕದ ಅಂಚಿನಲ್ಲಿ ಸೀಸದ ಕಡ್ಡಿಯಿಂದ ಎರಡು ಮೂರು ಮಾತು ಗೀಚುತ್ತಿದ್ದರು: ‘ಕೋಡಿ ಬಿತ್ತು’, ‘ಹುಚ್ಚೆಳ್ಳು ಹೂ’, ‘ಮೊದಲ ಇಬ್ಬನಿ’. ಅಷ್ಟೇ.

ಇಬ್ಬನಿಯಿಂದಲೇ ಆರಂಭಿಸೋಣ. ಮಳೆಗಾಲದಲ್ಲಿ ರಾತ್ರಿಯೆಲ್ಲ ಮೋಡ ಕವಿದಿರುತ್ತದೆ. ಹಗಲಿನಲ್ಲಿ ಕಾದ ನೆಲದ ಶಾಖ ಮೇಲಕ್ಕೆ ಹೋಗಲು ಆ ಹೊದಿಕೆ ಬಿಡುವುದಿಲ್ಲ. ಆಶ್ವಯುಜದಲ್ಲಿ ಮೋಡ ಹರಿದು ರಾತ್ರಿ ಶುಭ್ರವಾದಾಗ ನೆಲ ಬೇಗನೆ ತಣ್ಣಗಾಗುತ್ತದೆ. ತೆಳುವಾದ ಹುಲ್ಲಿನ ಗರಿ ಎಲ್ಲಕ್ಕಿಂತ ಮೊದಲು ತಣಿಯುತ್ತದೆ. ಗಾಳಿಯಲ್ಲಿರುವ ತೇವ ಅದನ್ನು ಸೋಕಿ ಹನಿಗಟ್ಟುತ್ತದೆ. ದಾರಿಯ ಪಕ್ಕದ ದೊಡ್ಡ ಬಂಡೆ ಹಗಲಿನ ಶಾಖವನ್ನು ಇನ್ನೂ ಹಿಡಿದಿಟ್ಟುಕೊಂಡಿರುವುದರಿಂದ ಹುಲ್ಲು ನೆನೆದಿದ್ದರೂ ಬಂಡೆ ಒಣಗಿರುವುದನ್ನು ನೀವೇ ಮುಟ್ಟಿ ನೋಡಬಹುದು. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎಲೆಯ ಮೈಮೇಲೆಲ್ಲ ಹರಡಿದ ಸಣ್ಣ ಹನಿಗಳು ಇಬ್ಬನಿ. ಗರಿಯ ತುದಿಯಲ್ಲಿ ಮಾತ್ರ ಒಂದೇ ಒಂದು ದುಂಡನೆಯ ಹನಿ ನಿಂತಿದ್ದರೆ ಅದು ಬಹುಮಟ್ಟಿಗೆ ಆಕಾಶದ್ದಲ್ಲ, ಗಿಡದ್ದೇ. ನೆಲದಲ್ಲಿ ತೇವ ಹೇರಳವಾಗಿರುವಾಗ ಬೇರುಗಳು ರಾತ್ರಿಯೂ ನೀರನ್ನು ಮೇಲಕ್ಕೆ ಒತ್ತುತ್ತವೆ; ಹೆಚ್ಚಾದುದು ಎಲೆಯ ತುದಿಯಿಂದ ಹೊರಬೀಳುತ್ತದೆ. ಈ ತುದಿಹನಿ ಕಂಡಿತೆಂದರೆ ಹೊಲದಲ್ಲಿ ತೇವ ಸಾಕಷ್ಟಿದೆ ಎಂದು ತಾತ ಹೇಳುತ್ತಿದ್ದರು. ಕಾರಣ ಅವರಿಗೆ ಗೊತ್ತಿತ್ತೋ ಇಲ್ಲವೋ, ಮಾತಂತೂ ಸರಿ.

ಹೊಲಗಳಲ್ಲಿ ಈಗ ರಾಗಿ ತೆನೆ ಬಿಚ್ಚಿ ನಿಂತಿರುತ್ತದೆ. ನಡುನಡುವೆ ಅಕ್ಕಡಿ ಸಾಲುಗಳಲ್ಲಿ ಹುಚ್ಚೆಳ್ಳು ಹಳದಿಯಾಗಿ ಅರಳಿರುತ್ತದೆ. ಉತ್ತರದವರು ಇದನ್ನು ಗುರೆಳ್ಳು ಎನ್ನುತ್ತಾರೆ. ಹುಚ್ಚೆಳ್ಳಿನ ಗಿಡ ತನ್ನದೇ ಪರಾಗದಿಂದ ಸರಿಯಾಗಿ ಕಾಳು ಕಟ್ಟಲಾರದು. ಪಕ್ಕದ ಗಿಡದ ಪರಾಗವನ್ನು ಜೇನುನೊಣ ತಂದುಕೊಡಬೇಕು. ಬೆಳಗಿನ ಬಿಸಿಲೇರುವಾಗ ಆ ಸಾಲಿನ ಬಳಿ ನಿಂತರೆ ಹೊಲವೇ ಗುಂಯ್‌ಗುಡುತ್ತಿರುವಂತೆ ಕೇಳುತ್ತದೆ. ಬದುಗಳ ಮೇಲೆ ತುಂಬೆಯ ಬಿಳಿ ಹೂ, ಅಣ್ಣೆಸೊಪ್ಪಿನ ನಸುಗೆಂಪು ಕುಚ್ಚು, ತಂಗಡಿಯ ಹೊನ್ನಿನ ಗೊಂಚಲು. ಇವೆಲ್ಲ ಕಣ್ಣಿಗೆ ತಾವಾಗಿಯೇ ಬೀಳುವಂಥವು.

ತಾವಾಗಿ ಕಣ್ಣಿಗೆ ಬೀಳದಿರುವುದು ಅವರೆ. ಇನ್ನೊಂದು ಅಕ್ಕಡಿ ಸಾಲಿನಲ್ಲಿ ಅದು ಬರಿಯ ಬಳ್ಳಿಯಾಗಿ ಹಬ್ಬಿರುತ್ತದೆ. ರಾಗಿಯ ಜೊತೆಯಲ್ಲೇ ಬಿತ್ತಿದರೂ ನಾಡಿನ ಹಳೆಯ ಅವರೆ ಹೂ ಬಿಡುವುದಕ್ಕೆ ಆತುರಪಡುವುದಿಲ್ಲ. ಅದು ಕಾಯುವುದು ರಾತ್ರಿ ಸಾಕಷ್ಟು ದೀರ್ಘವಾಗುವುದನ್ನು. ನಮ್ಮ ದಕ್ಷಿಣ ಕರ್ನಾಟಕದಲ್ಲಿ ವರ್ಷದ ಅತಿ ದೀರ್ಘವಾದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಮನುಷ್ಯರಾದ ನಮಗೆ ಗಡಿಯಾರವಿಲ್ಲದೆ ಅದು ತಿಳಿಯುವುದೇ ಕಷ್ಟ. ಅವರೆಬಳ್ಳಿ ಅದನ್ನು ಅಳೆಯುತ್ತದೆ! ಸೆಪ್ಟೆಂಬರ್ 22 ಅಥವಾ 23ರಂದು ಹಗಲಿರುಳುಗಳು ಸಮನಾಗಿ, ಅಲ್ಲಿಂದಾಚೆಗೆ ಇರುಳು ಬೆಳೆಯತೊಡಗಿದ ಮೇಲೆ ಅದು ಮೊಗ್ಗೊಡೆಯುತ್ತದೆ. ಸೊಗಡಿನ ಕಾಯಿ ಮನೆಗೆ ಬರುವುದು ಮಾರ್ಗಶಿರದ ಚಳಿಯಲ್ಲಿ. ಯಾವ ಕಾಲದಲ್ಲಿ ಬಿತ್ತಿದರೂ ಹೂ ಬಿಡುವ ತಳಿಗಳನ್ನು ಕೃಷಿ ವಿಜ್ಞಾನಿಗಳು ಈಗ ರೂಪಿಸಿದ್ದಾರೆ. ವರ್ಷವೆಲ್ಲ ಅವರೆ ದೊರೆಯುವುದು ಅದರಿಂದಲೇ. ದೀಪಾವಳಿಯ ವೇಳೆಗೆ ಅರಳುವ ಸೇವಂತಿಗೆಯೂ ಇರುಳಿನ ಲೆಕ್ಕವಿಡುವ ಗಿಡವೇ.

ಈ ಲೆಕ್ಕವನ್ನು ನೀವೂ ಇಡಬಹುದು. ಏರಿಯ ಮೇಲೆ ಒಂದೇ ಕಲ್ಲಿನ ಹತ್ತಿರ ನಿಂತು, ಸೂರ್ಯನು ಯಾವ ಮರದ ಅಥವಾ ಗುಡ್ಡದ ನೇರಕ್ಕೆ ಹುಟ್ಟುತ್ತಾನೆಂಬುದನ್ನು ಗುರುತಿಟ್ಟುಕೊಳ್ಳಿರಿ. ಒಂದು ತಿಂಗಳ ಅನಂತರ ಅಲ್ಲಿಯೇ ನಿಂತು ನೋಡಿರಿ. ನೀಳವಾಗಿ ಚಾಚಿದ ಕೈಯ ಮುಷ್ಟಿ ಆಕಾಶದಲ್ಲಿ ಸುಮಾರು 10 ಡಿಗ್ರಿ ಅಗಲವನ್ನು ಮುಚ್ಚುತ್ತದೆ. ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ಕೊನೆಯ ವಾರದೊಳಗೆ ಸೂರ್ಯೋದಯದ ಸ್ಥಾನ ದಕ್ಷಿಣಕ್ಕೆ ಒಂದು ಮುಷ್ಟಿಗಿಂತ ತುಸು ಹೆಚ್ಚೇ ಸರಿದಿರುತ್ತದೆ.

ಸೂರ್ಯನು ಹೀಗೆ ದಕ್ಷಿಣಕ್ಕೆ ಸರಿಯುವುದರಲ್ಲಿಯೇ ಮಳೆಯ ಕಥೆಯೂ ಅಡಗಿದೆ. ಉತ್ತರದ ಭೂಭಾಗ ತಣ್ಣಗಾಗತೊಡಗಿದಂತೆ ಕಡಲಿನಿಂದ ಬೀಸುತ್ತಿದ್ದ ನೈಋತ್ಯ ಮಾರುತದ ಬಲ ಕುಂದುತ್ತದೆ. ಸರಾಸರಿ ಲೆಕ್ಕದಂತೆ ಅದು ಸೆಪ್ಟೆಂಬರ್ 17ರ ಸುಮಾರಿಗೆ ರಾಜಸ್ಥಾನದ ಪಶ್ಚಿಮ ಭಾಗದಿಂದ ಹಿಂದೆಗೆಯಲಾರಂಭಿಸಿ, ಅಕ್ಟೋಬರ್ 15ರ ಸುಮಾರಿಗೆ ದೇಶವನ್ನು ಪೂರ್ತಿಯಾಗಿ ಬಿಡುತ್ತದೆ. ಗಾಳಿ ತಿರುಗಿ ಈಶಾನ್ಯದಿಂದ ಬೀಸತೊಡಗುತ್ತದೆ, ಇದೇ ಹಿಂಗಾರು. ಆದರೆ ‘ಮಳೆ ಹೋಯಿತು’ ಎಂಬುದು ನಮ್ಮ ಸೀಮೆಗೆ ಹೊಂದದ ಮಾತು. ಬೆಂಗಳೂರಿನಲ್ಲಿ ವರ್ಷದ ಅತಿ ಹೆಚ್ಚು ಮಳೆಯಾಗುವ ತಿಂಗಳುಗಳಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ಗಳು ಸೇರಿವೆ. ಬಯಲುಸೀಮೆಯ ಅನೇಕ ಕೆರೆಗಳು ಕೋಡಿ ಬೀಳುವುದು ಈ ದಿನಗಳಲ್ಲಿಯೇ. ಹಸ್ತ, ಚಿತ್ತೆ, ಸ್ವಾತಿ, ವಿಶಾಖೆ ಎಂದು ರೈತರು ಎಣಿಸುವ ಮಳೆಗಳಿವು. ಅಕ್ಟೋಬರ್ 10ರ ಸುಮಾರಿಗೆ ಹುಟ್ಟುವ ಚಿತ್ತೆಯನ್ನು ಅವರು ಕುರುಡು ಮಳೆ ಎನ್ನುವರು. ಒಬ್ಬನ ಹೊಲ ನೆನೆದರೆ ಪಕ್ಕದವನ ಹೊಲ ಒಣಗಿಯೇ ಇರುತ್ತದೆ. ಹೀಗಾಗುವುದಕ್ಕೆ ಕಾರಣವೇನು? ಮುಂಗಾರಿನ ಮೋಡ ನಾಡಿನುದ್ದಕ್ಕೂ ಹಾಸಿದ ಚಾಪೆಯಂತಿದ್ದರೆ, ಈ ಕಾಲದ ಮೋಡ ಮಧ್ಯಾಹ್ನದ ಬಿಸಿಲಿಗೆ ಒದ್ದೆ ನೆಲದಿಂದ ಎದ್ದ ಒಂಟಿ ಗೋಪುರ. ಅದರ ಬುಡ ಕೆಲವೇ ಮೈಲಿ ಅಗಲ. ಅದು ಎಲ್ಲಿ ನಿಲ್ಲುವುದೋ ಅಲ್ಲಿ ಮಾತ್ರ ಗುಡುಗು, ಮಿಂಚು, ಮಳೆ.

ಒಂದು ವರ್ಷ ವಿಶಾಖೆಯ ಮಳೆಯ ದಿನಗಳಲ್ಲಿ ನಮ್ಮ ರಾಗಿ ಪೂರ್ತಿಯಾಗಿ ಬಲಿತಿತ್ತು. ಹತ್ತು ದಿನಗಳಿಂದ ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ತಾತ ಆಳುಗಳನ್ನು ಕರೆಸಿ ಕೊಯ್ಲು ಮಾಡಿಸಿ, ರೂಢಿಯಂತೆ ಹೊಲದಲ್ಲಿಯೇ ಒಣಗಲು ಹಾಸಿದರು. ಮೂರನೆಯ ದಿನ ಬಂಗಾಳ ಕೊಲ್ಲಿಯ ಕಡೆಯಿಂದ ಮೋಡ ನುಗ್ಗಿಬಂದು ನಾಲ್ಕು ದಿನ ಬಿಡದೆ ಮಳೆ ಹಿಡಿಯಿತು. ಕೊಯ್ದ ತೆನೆ ನೆನೆದು ಅಲ್ಲಿಯೇ ಮೊಳಕೆಯೊಡೆಯಿತು. ಆ ವರ್ಷವೆಲ್ಲ ನಮ್ಮ ಮನೆಯ ಮುದ್ದೆ ಸಿಹಿಯಾಗಿತ್ತು, ತಟ್ಟೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ. ಮೊಳೆತ ಕಾಳಿನಲ್ಲಿ ಪಿಷ್ಟವು ಸಕ್ಕರೆಯಾಗಿ ಒಡೆಯುವುದರಿಂದ ಹೀಗಾಗುತ್ತದೆ. ಮಕ್ಕಳಾದ ನಮಗೆ ಅದು ವಿನೋದ. ಹಿರಿಯರು ಮಾತಿಲ್ಲದೆ ಉಣ್ಣುತ್ತಿದ್ದರು. ಬಿತ್ತನೆಯ ರಾಗಿಯನ್ನು ಆ ಸಲ ಸಾಲವಾಗಿ ತರಬೇಕಾಯಿತು. ಪಂಚಾಂಗದ ಅಂಚಿನಲ್ಲಿ ತಾತ ಬರೆದದ್ದು ಇಷ್ಟು: ‘ಆಕಾಶ ನೋಡಿದೆ. ಗಾಳಿ ನೋಡಲಿಲ್ಲ.’

ಅಂದಿನಿಂದ ಅವರು ನಡಿಗೆಯಲ್ಲಿ ಗಾಳಿಯನ್ನು ಗಮನಿಸತೊಡಗಿದರು. ನನಗೂ ಕಲಿಸಿದರು. “ಗಾಳಿ ಕಣ್ಣಿಗೆ ಕಾಣೋದಿಲ್ಲ ಮಗು, ಅದು ಮುಟ್ಟಿದ್ದು ಕಾಣುತ್ತೆ,” ಎಂದು ಅವರು ಕೆರೆಯಂಚಿನ ಈಚಲ ಮರವನ್ನು ತೋರಿಸಿದ್ದು ನೆನಪಿದೆ. ಅದರಲ್ಲಿ ಗೀಜಗನ ಗೂಡುಗಳು ತೂಗುತ್ತಿದ್ದವು. ಹೆಚ್ಚುಕಡಿಮೆ ಎಲ್ಲವೂ ಮರದ ಪೂರ್ವದ ಮಗ್ಗುಲಲ್ಲಿ. ಗೀಜಗ ಗೂಡು ನೇಯುವುದು ಮುಂಗಾರಿನಲ್ಲಿ. ಆಗ ಗಾಳಿ, ಮಳೆ ಪಶ್ಚಿಮದಿಂದ ಬಡಿಯುವುದರಿಂದ ಮರದ ಮರೆಗೆ ಅವು ಗೂಡು ಕಟ್ಟಿಕೊಳ್ಳುತ್ತವೆ. ಆಶ್ವಯುಜ ಮುಗಿಯುವ ವೇಳೆಗೆ ಮರಿಗಳು ಹಾರಿಹೋಗಿ ಗೂಡುಗಳು ಬರಿದಾಗಿರುತ್ತವೆ, ಗಂಡುಹಕ್ಕಿಯ ತಲೆಯ ಹಳದಿ ಮಾಸಿರುತ್ತದೆ. ಆದರೂ ಸರಿದುಹೋದ ಮಳೆಗಾಲದ ಗಾಳಿ ಎತ್ತಣಿಂದ ಬೀಸಿತೆಂಬುದು ಆ ಮರದಲ್ಲಿ ಇನ್ನೂ ಬರೆದಿರುತ್ತದೆ.

ತಿರುಗಿದ ಗಾಳಿಯನ್ನು ನಂಬಿ ಹೊರಡುವ ಜೀವಿಯೂ ಒಂದುಂಟು. ನೀವು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಕೀಟಗಳಲ್ಲಿ ಹೊಂಬಣ್ಣದ ಮೈಯುಳ್ಳ ಒಂದು ಜಾತಿ ಈ ದಿನಗಳಲ್ಲಿ ಹೊಲದ ಮೇಲೆ ಗುಂಪುಗುಂಪಾಗಿ ಹಾರಾಡುತ್ತದೆ. ಅಕ್ಟೋಬರ್, ನವೆಂಬರ್‌ಗಳಲ್ಲಿ ಅದೇ ಜಾತಿಯ ಕೀಟಗಳು ಮಾಲ್ಡೀವ್ಸ್ ದ್ವೀಪಗಳಲ್ಲಿ ಲಕ್ಷಗಟ್ಟಲೆ ಇಳಿಯುತ್ತವೆ. ಆ ದ್ವೀಪಗಳಲ್ಲಿ ಅವು ಮೊಟ್ಟೆಯಿಡಲು ತಕ್ಕ ಸಿಹಿನೀರಿನ ಮಡುಗಳು ಇಲ್ಲವೆನ್ನುವಷ್ಟು ಕಡಿಮೆ. ಅವು ಈಶಾನ್ಯದ ಗಾಳಿಯನ್ನು ಹಿಡಿದು ಭಾರತದ ಕಡೆಯಿಂದ ಹೊರಟು, ಹಿಂದೂ ಮಹಾಸಾಗರವನ್ನು ದಾಟಿ, ಮಳೆ ಆರಂಭವಾಗುತ್ತಿರುವ ಪೂರ್ವ ಆಫ್ರಿಕಕ್ಕೆ ಹೋಗುತ್ತವೆಂದು ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ 2009ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಾದಿಸಿದರು. ಬೆರಳುದ್ದದ ಕೀಟ!

ಕೆಲವರು ಹೊರಡುವ ಹೊತ್ತಿಗೆ ಬೇರೆ ಕೆಲವರು ಬರುತ್ತಾರೆ. ಸೆಪ್ಟೆಂಬರಿನಲ್ಲಿಯೇ ಬೂದು ಸಿಪಿಲೆ ಕೋಡಿಯ ಕಲ್ಲಿನ ಮೇಲೆ ಬಾಲ ಕುಣಿಸುತ್ತ ಕಾಣಿಸಿಕೊಳ್ಳುತ್ತದೆ. ಇಪ್ಪತ್ತು ಗ್ರಾಮಿನ ಆಸುಪಾಸು ತೂಗುವ ಈ ಹಕ್ಕಿ ಹಿಮಾಲಯದಿಂದಲೋ ಅದರಾಚೆಯಿಂದಲೋ ಬಂದದ್ದು. ಕರಿಯ ಬೆನ್ನು, ಬಿಳಿಯ ಹುಬ್ಬಿನ ಇನ್ನೊಂದು ಸಿಪಿಲೆ ವರ್ಷವಿಡೀ ನಮ್ಮ ಕೆರೆಗಳಲ್ಲಿಯೇ ಇರುವಂಥದು. ಎರಡನ್ನೂ ಒಂದೇ ಎಂದು ತಿಳಿಯಬಾರದು. ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರು ಬೊಂಬಾಯಿಯ ಒಂದು ಪುಟ್ಟ ಹುಲ್ಲುಹಾಸಿನ ಮೇಲೆ ಬೂದು ಸಿಪಿಲೆಯೊಂದಕ್ಕೆ ಉಂಗುರ ತೊಡಿಸಿದ್ದರು; ಅದು ಮುಂದಿನ ಚಳಿಗಾಲಗಳಲ್ಲಿಯೂ ಅದೇ ಹುಲ್ಲುಹಾಸಿಗೆ ಮರಳಿ ಬಂದಿತು. ಕಾರ್ತಿಕದ ಕೊನೆಗೆ ದೊಡ್ಡ ಅತಿಥಿಗಳ ಸರದಿ. ಟಿಬೆಟ್, ಮಂಗೋಲಿಯಗಳಲ್ಲಿ ಮರಿ ಮಾಡುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಮೈಸೂರು ಸೀಮೆಯ ಕೆಲವು ಕೆರೆಗಳಿಗೂ ಇಳಿಯುತ್ತವೆ. ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು.

ಇಷ್ಟನ್ನೆಲ್ಲ ಹೇಳಿದರೂ ಇದು ರಾಗಿನಾಡಿನ ಒಂದು ಏರಿಯ ಶರತ್ತು ಮಾತ್ರ. ವಿಜಯಪುರದ ಎರೆಯ ನೆಲದಲ್ಲಿ ಇದೇ ದಿನಗಳಲ್ಲಿ ಹಿಂಗಾರಿ ಜೋಳದ ಬಿತ್ತನೆ ನಡೆದಿರುತ್ತದೆ. ಆ ಕಪ್ಪು ಮಣ್ಣು ಹಿಡಿದಿಟ್ಟ ತೇವವನ್ನೇ ನೆಚ್ಚಿ ಪೈರು ಬೆಳೆಯಬೇಕು. ಮಲೆನಾಡಿನ ಗದ್ದೆಗಳಲ್ಲಿ ಬತ್ತವು ಹೊಡೆ ತುಂಬಿ ನಿಂತಿರುತ್ತದೆ. ಆಶ್ವಯುಜದ ಹುಣ್ಣಿಮೆಯಂದು ಅಲ್ಲಿಯವರು ಭೂಮಿಯನ್ನು ಬಸುರಿ ಹೆಂಗಸೆಂದು ಬಗೆದು, ಚಿತ್ತಾರ ಬರೆದ ಬುಟ್ಟಿಯಲ್ಲಿ ಅಡುಗೆ ಒಯ್ದು ಉಣಬಡಿಸುತ್ತಾರೆ. ಅದು ಭೂಮಿ ಹುಣ್ಣಿಮೆ. ಉತ್ತರದಲ್ಲಿ ಇದೇ ಸೀಗಿ ಹುಣ್ಣಿಮೆ. ನಿಮ್ಮ ಊರಿನ ಶರತ್ತು ಹೇಗಿದೆಯೆಂಬುದನ್ನು ನೀವೇ ನಡೆದು ನೋಡಬೇಕಲ್ಲದೆ ನನ್ನ ಬರಹದಿಂದ ತಿಳಿಯಲಾಗದು. ನಾನು ಆ ಚಿತ್ರಪಟವನ್ನು ನಂಬಿದಂತೆ ನೀವು ಇದನ್ನು ನಂಬಬೇಡಿರಿ.

ನೋಡಿದುದನ್ನು ದಿನಾಂಕದೊಡನೆ ಬರೆದಿಟ್ಟರೆ ಅದರ ಬೆಲೆ ಬೇರೆ. ಜಪಾನಿನ ಕ್ಯೋಟೋ ನಗರದಲ್ಲಿ ಚೆರಿ ಮರಗಳು ಹೂತುಂಬಿದ ದಿನಗಳ ಉಲ್ಲೇಖಗಳು ಕ್ರಿ.ಶ. 812ರಷ್ಟು ಹಿಂದಿನಿಂದ ದೊರೆಯುತ್ತವೆ. ಯಾವ ಯಾವುದೋ ಕಾಲದವರು ತಮ್ಮ ದಿನಚರಿಗಳಲ್ಲಿ ಬರೆದಿಟ್ಟ ಮಾತುಗಳವು. 2021ರಲ್ಲಿ ಆ ಮರಗಳು ಮಾರ್ಚ್ 26ಕ್ಕೆ ಹೂತುಂಬಿದಾಗ, ಅಲ್ಲಿಯವರೆಗಿನ ದಾಖಲೆಗಳಲ್ಲೆಲ್ಲ ಅದೇ ಅತಿ ಬೇಗ ಬಂದ ವಸಂತವೆಂದು ಹೇಳುವುದು ಸಾಧ್ಯವಾಯಿತು. ಭೂಮಿಯ ಶಾಖ ಏರುತ್ತಿರುವುದಕ್ಕೆ ಇದೂ ಒಂದು ಸಾಕ್ಷಿ. ನಮ್ಮ ದೇಶದಲ್ಲಿ ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ಶಾಲೆಯ ಮಕ್ಕಳು ಒಂದೊಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಅದರ ಚಿಗುರು, ಹೂ, ಕಾಯಿಗಳನ್ನು ಗುರುತು ಮಾಡುತ್ತಾರೆ.

ತಾತನ ಪಂಚಾಂಗಗಳು ಈಗ ನನ್ನ ಬಳಿ ಇವೆ. ಕೆಲವನ್ನು ಗೆದ್ದಲು ತಿಂದಿದೆ. ಕೊನೆಯದರಲ್ಲಿ ಭಾದ್ರಪದದ ಒಂದು ತಿಥಿಯ ಪಕ್ಕದಲ್ಲಿ ‘ಸಿಪಿಲೆ ಬಂತು’ ಎಂದಿದೆ. ಆಮೇಲಿನ ಅಂಚುಗಳೆಲ್ಲ ಖಾಲಿ. ಆ ವರ್ಷ ಕಾರ್ತಿಕದಲ್ಲಿ ನಾನೊಬ್ಬನೇ ಏರಿಯವರೆಗೆ ಹೋಗಿಬಂದು, ಅವರ ಸೀಸದ ಕಡ್ಡಿಯಿಂದಲೇ ಕೆಳಗೆ ಬರೆದೆ: ‘ಅವರೆ ಹೂ. ಗಾಳಿ ಮೂಡಣದಿಂದ.’